ಗಾರೋಬೊನ ವಿಳಾಸ

ಎರ್ವಿನ್ ಔಷಧಿಯ ಪೆಟ್ಟಿಗೆಯನ್ನು ಕಂಪ್ಯೂಟರ್ ನೋಡಿಕೊಳ್ಳುವ ಯಾದಿರಾಳ ಮೇಜಿನ ಮೇಲೆ ಕುಕ್ಕಿದ. ಚಿಕಿತ್ಸಾಲಯದಿಂದ ಮನೆಮನೆಗೆ ಇನ್ಸುಲಿನ್ ತಲುಪಿಸುವ ಡ್ರೈವರು ಅವನು. ಎವೆನೊರ್ ಅಲ್ತಾಮಿರಾನೊ ಎಂಬ ಮುದುಕನ ಪಾಲಿನ ಸೀಸೆಗಳು ಈ ಸಲವೂ ವಾಪಸು ಬಂದಿದ್ದವು.

"ತಾಯಿ, ಆ ಮನುಷ್ಯ ಈ ಮನಾಗ್ವಾ ಊರಲ್ಲೇ ಇಲ್ಲ. ನಿನ್ನ ಕಂಪ್ಯೂಟರ್ರು ಹಡೆದಿರೋ ಕೂಸು ಅದು."

"ಚೀಟೀಲಿ ವಿಳಾಸ ಏನು ಬಂದಿದೆ, ಎರ್ವಿನಣ್ಣ?"

"'ಸಿನಿಮಾ ಇದ್ದಲ್ಲಿಂದ.' ಅಷ್ಟೇ. ಅಲ್ಲಿಂದ ಎಲ್ಲಿಗೆ, ಸ್ವರ್ಗಕ್ಕಾ? ಸಿನಿಮಾ ಮಂದಿರ ಬಿದ್ದುಹೋಗಿ ಉಳಿದಿರೋ ಆ ಖಾಲಿ ಜಾಗದ ಸುತ್ತ ಹೆಸರು ಕೂಗ್ಕೊಂಡು ತಿರುಗಿದೆ. ನಾಯಿಗಳು ಬಿಟ್ರೆ ಯಾರೂ ಓಗೊಡ್ಲಿಲ್ಲ."

ಯಾದಿರಾಗೆ ನಗು ಬರಲಿಲ್ಲ. ಇನ್ನೊಮ್ಮೆ ವಾಪಸು ಬಂದರೆ ಹೆಸರು ತೆಗೆದುಹಾಕಬೇಕೆಂಬುದು ಇಲ್ಲಿನ ನಿಯಮ. ಹೆಸರು ಹೋದರೆ ಮುದುಕನಿಗೆ ಇನ್ಸುಲಿನ್ ಇಲ್ಲ. ಆದರೂ ಭಯಕ್ಕಿಂತ ಮೊದಲು ಅವಳನ್ನು ಕುಟುಕಿದ್ದು ಕುತೂಹಲ. ಮಿಕ್ಕವರ ವಿಳಾಸಗಳೆಲ್ಲ ಉದ್ದುದ್ದ ಬರುವಾಗ ಇವನೊಬ್ಬನದೇ ಮೊಟಕಾದದ್ದು ಯಾಕೆ? ಇಂಥ ಪ್ರಶ್ನೆ ತಲೆಗೆ ಹೊಕ್ಕರೆ ಅವಳಿಗೆ ಅನ್ನ ಸೇರುವುದಿಲ್ಲ. ಅಂದು ಅನ್ನ, ಕಾಳು ಬೆರೆಸಿದ ಗಾಯೊ ಪಿಂತೊ ತಟ್ಟೆಯಲ್ಲೇ ಆರಿಹೋಯಿತು.

ನೋಂದಣಿ ಕೌಂಟರಿನವರು ಕಳಿಸುವ ಕಡತದಲ್ಲಿ ರೋಗಿಗೊಂದು ಸಾಲು; ಹೆಸರು, ವಿಳಾಸ, ಔಷಧಿಗಳ ನಡುವೆ ಒಂದೊಂದು ಅಲ್ಪವಿರಾಮ. ಆದರೆ ಮನೆ ನಂಬರಿಲ್ಲದ ಮನಾಗ್ವಾದ ವಿಳಾಸವೇ ಅಲ್ಪವಿರಾಮಗಳ ಸಂತೆ: ಇಂಥ ಮರ ಇದ್ದಲ್ಲಿಂದ, ಸರೋವರದ ಕಡೆಗೆ ಇಷ್ಟು, ಮೇಲಕ್ಕೆ ಎಂದರೆ ಸೂರ್ಯ ಹುಟ್ಟುವ ಕಡೆಗೆ ಇಷ್ಟು. ಅದಕ್ಕೇ ವಿಳಾಸದ ಎರಡೂ ತುದಿಗೆ ಉದ್ಧರಣ ಚಿಹ್ನೆ ಹಾಕಿ ಕಟ್ಟಿಡುತ್ತಾರೆ. ಆ ಕಟ್ಟು ಬಿಚ್ಚಿ ಓದಿ ಡ್ರೈವರಿಗೆ ಚೀಟಿ ಮುದ್ರಿಸುವ ಪ್ರೋಗ್ರಾಮನ್ನು ಪರ್ಲ್ ಭಾಷೆಯಲ್ಲಿ ಯಾದಿರಾ ತಾನೇ ಬರೆದಿದ್ದಳು. ಅದೇ ಕೆಲಸಕ್ಕೆಂದು ನುರಿತವರು ಬರೆದಿಟ್ಟ ಸಿದ್ಧ ಕೋಡಿನ ಲೈಬ್ರರಿ ಪುಕ್ಕಟೆ ಸಿಗುತ್ತಿತ್ತು. ನಾಲ್ಕು ಸಾಲಿನ ಕೆಲಸಕ್ಕೆ ಯಾರ ಹಂಗು ಬೇಕೆಂದು ಬೀಗಿದ್ದಳು.

ಈಗ ಬಿಗುಮಾನ ಬದಿಗಿಟ್ಟು ಆ ಲೈಬ್ರರಿಯಿಂದಲೇ ಕಡತ ಓದಿಸಿದಳು. ಅದು ಸರಸರನೆ ಹೋಗಿ ಒಂದು ಸಾಲಿನಲ್ಲಿ ನಿಂತುಬಿಟ್ಟಿತು. ಚಿಹ್ನೆಯ ಒಳಗೆ ಇನ್ನೊಂದು ಚಿಹ್ನೆ ಇದೆ, ಇದನ್ನು ನಾನು ಓದಲಾರೆ ಎಂದು ಸಾಲು, ಜಾಗ ಸಮೇತ ದೂರಿತು. ಯಾದಿರಾಗೆ ಖುಷಿಯೂ ನಾಚಿಕೆಯೂ ಒಟ್ಟಿಗೇ ಆದವು. ಅವಳ ಪ್ರೋಗ್ರಾಮು ಇದೇ ಜಾಗದಲ್ಲಿ ಎಡವಿ, ವಿಳಾಸ ಮುಗಿಯಿತೆಂದುಕೊಂಡು, ಏನೂ ಆಗದಂತೆ ಮುಂದೆ ನಡೆದಿತ್ತು.

ಆ ಸಾಲನ್ನು ಗಟ್ಟಿಯಾಗಿ ಓದಿದಳು: "ಸಿನಿಮಾ ಇದ್ದಲ್ಲಿಂದ 'ಗಾರೋಬೊ'ನ ಮನೆ ಕೇಳಿ, ಸರೋವರದ ಕಡೆಗೆ ಏಳು ಬೀದಿ, ಮೇಲಕ್ಕೆ ಎರಡು." ಬರೆದವರು ಯಾರೋ ಅಡ್ಡಹೆಸರಿಗೂ ಮರ್ಯಾದೆಯಿಂದ ಅದೇ ಉದ್ಧರಣ ಚಿಹ್ನೆ ತೊಡಿಸಿದ್ದರು.

ಎರ್ವಿನ್‌ನ ಮುಖ ಕಪ್ಪಿಟ್ಟಿತು. "ಎವೆನೊರ್ ಅಂದ್ರೆ ಗಾರೋಬೊನಾ? ಹೆಸರಿಗೆ ತಕ್ಕ ಹಾಗೆ ಉಡದ ಥರ ಬಿಸಿಲು ಕಾಯ್ತಾ ಕೂತಿರ್ತಾನಲ್ಲ, ಅವನಾ?"

"ನಿಮಗೆ ಗೊತ್ತಾ?"

"ದೋನ್ಯಾ ಚಿಲೊ ಮನೆ ಅವನ ಎದುರಿಗೇ ಇರೋದು. ಅವಳ ವಿಳಾಸಾನೇ 'ಗಾರೋಬೊನ ಮನೆ ಎದುರು' ಅಂತ. ವಾರವಾರ ಅವಳಿಗೆ ಔಷಧಿ ಕೊಡೋಕೆ ಹೋದಾಗ ಇವನ ಮಾವಿನ ನೆರಳಲ್ಲೇ ಗಾಡಿ ನಿಲ್ಲಿಸ್ತೀನಿ. ಪಿನೊಲಿಯೊ ಕೊಡ್ತಾನೆ, ಕುಡೀತೀನಿ." ಅವನ ದನಿ ಇಳಿಯಿತು. "'ಆ ಪೆಟ್ಟಿಗೇಲಿ ನಂಗೇನೂ ಇಲ್ವೇನಪ್ಪಾ' ಅಂತಾನೆ. ತಮಾಷೆ ಅಂದ್ಕೊಂಡು ನಕ್ಕು ಬಂದ್ಬಿಡ್ತಿದ್ದೆ, ತಾಯಿ."

ಯಾದಿರಾ ಪೆಟ್ಟಿಗೆ ಎತ್ತಿಕೊಂಡಳು. ಎರ್ವಿನ್ ಗಾಡಿಯನ್ನು ನೇರ ಆ ಮಾವಿನ ಮರದಡಿ ತಂದು ನಿಲ್ಲಿಸಿದ.

ಮುದುಕ ಬಿಸಿಲಿನಲ್ಲಿ ಇರಲಿಲ್ಲ. ಒಳಗೆ ಮಂಚದ ಮೇಲೆ ಬಿದ್ದುಕೊಂಡಿದ್ದ. ಪಾದಕ್ಕೆ ಬಟ್ಟೆ ಸುತ್ತಿತ್ತು, ಕೆನ್ನೆ ಒಳಗೆ ಹೋಗಿತ್ತು. ಯಾದಿರಾ ಕೊಟ್ಟ ಸೀಸೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ವಯಸ್ಸಾಯ್ತಲ್ಲ, ಇವನಿಗ್ಯಾಕೆ ದಂಡಕ್ಕೆ ಅಂತ ನಿಲ್ಲಿಸಿದ್ರಿ ಅಂದ್ಕೊಂಡಿದ್ದೆ. ಕೇಳೋಕೂ ನಾಚಿಕೆ ಆಯ್ತು. ಯಾರು ಮಗಳೇ ನಿಲ್ಲಿಸಿದ್ದು?"

ಬೆಳಗಿನಿಂದ ಯಾಕೆ, ಯಾಕೆ ಎಂದು ಕೇಳುತ್ತಲೇ ಇದ್ದವಳು ಈಗ ಪೆಟ್ಟಿಗೆಯನ್ನು ಕೆಳಗಿಟ್ಟಳು. ಅವನ ಮಂಚದ ಪಕ್ಕ ಕುಕ್ಕರಿಸಿದಳು.

"ಯಾರೂ ನಿಲ್ಲಿಸ್ಲಿಲ್ಲ, ಅಜ್ಜ. ನಿಮ್ಮ ಸಾಲನ್ನ ನಾನು ಅರ್ಧಕ್ಕೇ ಓದಿ ಬಿಟ್ಟಿದ್ದೆ."