ಸಾಹೇಬರ ಚಿಕ್ಕ ಪಾತ್ರೆ

ನಮ್ಮ ಬೀದಿಯಲ್ಲಿ ಬೆಳಗಾದರೆ ಮೊದಲು ಕೇಳುವುದು ಹೊಲಿಗೆ ಯಂತ್ರದ ಸದ್ದು, ಅದನ್ನೂ ಮೀರಿಸಿ ಗಿಣಿಯ ಮಾತು. ಗಿಣಿ ಅಂದರೆ ಎದುರುಮನೆ ಟೈಲರಮ್ಮನ ಮಗಳು, ನಾಲ್ಕನೇ ತರಗತಿ. ಬಾಯಿಗೆ ಬೀಗವಿಲ್ಲ ಅಂತ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಅದು. ನಾನು ಇಸ್ತ್ರಿ ಅಂಗಡಿಯವಳು. ನನ್ನ ಬಾಯಿಯೇನೂ ಚಿಕ್ಕದಲ್ಲ, ಆದರೂ ಆ ಹುಡುಗಿಯ ಮುಂದೆ ಸೋಲುತ್ತಿದ್ದೆ. ಅಂಥವಳು ಈ ವರ್ಷ ಬರಬರುತ್ತಾ ಸಪ್ಪಗಾದಳು. ಶಾಲೆಯಿಂದ ಬಂದವಳೇ ಬಟ್ಟೆ ಗಂಟಿನ ಮೇಲೆ ತಲೆಯಿಟ್ಟು ಮಲಗಿಬಿಡುವಳು.

"ಸೋಮಾರಿ ಆಗಿದಾಳೆ, ಇನ್ನೇನಿಲ್ಲ" ಅಂದಳು ತಾಯಿ.

"ಸೋಮಾರಿತನ ಅಲ್ಲ ಕಣೇ. ಮುಖ ನೋಡು, ಸುಣ್ಣ ಬಳಿದ ಹಾಗಿದೆ" ಅಂದೆ. ನನ್ನ ಮಾತು ಯಾರು ಕೇಳಬೇಕು?

ಒಂದು ಬೆಳಿಗ್ಗೆ ಶಾಲೆಯಲ್ಲಿ ಸಾಲಾಗಿ ನಿಂತಾಗ ಗಿಣಿ ತಲೆ ಸುತ್ತಿ ಬಿದ್ದಳು. ಆರೋಗ್ಯ ಕೇಂದ್ರದವರು ರಕ್ತ ಪರೀಕ್ಷೆ ಮಾಡಿದರು. ಸಂಜೆ ನರ್ಸಮ್ಮ ಟೈಲರಮ್ಮನ ಮನೆಗೇ ಬಂದರು, ನಾನೂ ಅಲ್ಲೇ ಇದ್ದೆ. ವಿಷಯ ತಿಳಿದು ಟೈಲರಮ್ಮನ ತಮ್ಮನೂ ಬೈಕು ಹಾರಿಸಿಕೊಂಡು ಬಂದ. ಅವನ ಬಗ್ಗೆ ಒಂದು ಮಾತು ಹೇಳಬೇಕು. ಊರಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಕೊಡುವ ಮಧ್ಯಾಹ್ನದ ಊಟ ಸರಿಯಿದೆಯೇ ಅಂತ ನೋಡುವುದೇ ಅವನ ನೌಕರಿ. ಬೀದಿಗೆಲ್ಲ ಅವನು ಸಾಹೇಬ. ಅವನ ಶರ್ಟಿಗೆ ಇಸ್ತ್ರಿ ಹಾಕುವುದು ನಾನೇ. ಒಂದು ಸುಕ್ಕು ಉಳಿದರೂ ವಾಪಸ್ಸು ತರುತ್ತಿದ್ದ, ಅಷ್ಟು ಶಿಸ್ತಿನ ಮನುಷ್ಯ!

ನರ್ಸಮ್ಮ ಗಿಣಿಯ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದರು. "ನೋಡಿ, ಕೆಂಪೇ ಇಲ್ಲ. ರಕ್ತ ಕಮ್ಮಿಯಾಗಿದೆ. ಮಾತ್ರೆ ಕೊಡ್ತೀನಿ. ಆದ್ರೆ ಬರೀ ಮಾತ್ರೆ ಸಾಲದು, ಬೇಳೆ, ಸೊಪ್ಪು, ಮೊಟ್ಟೆ ಹೊಟ್ಟೆಗೆ ಬೀಳಬೇಕು. ಮಧ್ಯಾಹ್ನ ಏನು ತಿಂತಾಳೆ?"

"ಶಾಲೆ ಊಟ" ಅಂದಳು ಟೈಲರಮ್ಮ. "ಮೊದಲು ನಾನೇ ಡಬ್ಬಿ ಕಟ್ತಿದ್ದೆ. ಪೋಷಕರ ಸಭೇಲಿ ಇವನೇ ಎದ್ದು ನಿಂತು ಹೇಳಿದ್ನಲ್ಲ, ಊಟ ಚೆನ್ನಾಗಿದೆ, ಯಾರೂ ಡಬ್ಬಿ ಕಳಿಸಬೇಡಿ ಅಂತ. ಅವತ್ತಿಂದ ಬಿಟ್ಟೆ."

"ಈಗಲೂ ಅದನ್ನೇ ಹೇಳ್ತೀನಿ ಅಕ್ಕ" ಅಂದ ತಮ್ಮ. "ನಾನೇ ಬಾಯಾರೆ ತಿಂದಿದೀನಿ. ಗಟ್ಟಿ ಬೇಳೆ, ತುಂಬಾ ಕ್ಯಾರೆಟ್ಟು, ಸೊಪ್ಪು. ನಮ್ಮ ಮನೇಲೂ ಅಷ್ಟು ರುಚಿಯಾಗಿ ಮಾಡಲ್ಲ."

ಮಲಗಿದ್ದ ಗಿಣಿ ತಲೆ ಎತ್ತಿದಳು. "ಮಾವ, ಕ್ಯಾರೆಟ್ಟು ಯಾವ ಪಾತ್ರೇಲಿತ್ತು?"

"ಯಾವ ಪಾತ್ರೆ ಅಂದ್ರೆ? ಅಡುಗೆಯಮ್ಮ ತಂದಿಡ್ತಾರಲ್ಲ, ಮುಚ್ಚಳ ಇರೋ ಚಿಕ್ಕ ಪಾತ್ರೆ..."

"ಅದು ಸಾಹೇಬರ ಪಾತ್ರೆ. ಅದನ್ನ ನಾವು ಮುಟ್ಟೋ ಹಾಗಿಲ್ಲ. ನಮ್ಮದು ದೊಡ್ಡದು. ಅದರಲ್ಲಿ ಬೇಳೆ ತಳದಲ್ಲಿರುತ್ತೆ, ಮೇಲೆಲ್ಲ ನೀರು."

ಹೊಲಿಗೆ ಯಂತ್ರದ ಮೇಲಿದ್ದ ಟೈಲರಮ್ಮನ ಕೈ ಹಾಗೇ ನಿಂತಿತು. "ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲವೇ ನೀನು? ಊರಿಗೆಲ್ಲ ವರದಿ ಒಪ್ಪಿಸೋಳು!"

"ಮಾವ ಎಲ್ಲರ ಮುಂದೆ ಚೆನ್ನಾಗಿದೆ ಅಂದ್ರಲ್ಲಮ್ಮ" ಅಂದಳು ಗಿಣಿ. "ನನ್ನ ನಾಲಿಗೇನೇ ಸರಿ ಇಲ್ಲ ಅಂದ್ಕೊಂಡೆ."

ಅಯ್ಯೋ ದೇವರೇ! ಆ ಮಾತು ಕೇಳಿ ನನಗೇ ಭೂಮಿ ಬಾಯಿಬಿಡಬಾರದೇ ಅನಿಸಿತು. ಇನ್ನು ಅವನಿಗೆ ಹೇಗಾಗಿರಬೇಡ? ಆದರೂ ಅಧಿಕಾರಿ ಅಧಿಕಾರಿಯೇ, ಅಷ್ಟು ಸುಲಭಕ್ಕೆ ಬಗ್ಗುತ್ತಾನೆಯೇ? ಗಂಟಲು ಸರಿಮಾಡಿಕೊಂಡು, "ಎಲ್ಲಾ ಕಡೇನೂ ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ. ನಿಯಮದಲ್ಲಿ ಬರೆದ ಹಾಗೇ ನಡೆಯೋಕಾಗುತ್ತಾ?" ಅಂದ.

ನರ್ಸಮ್ಮ ಅವನನ್ನೇ ನೋಡಿದರು. "ಹೆಚ್ಚು ಯಾವತ್ತಾದ್ರೂ ಆಗಿದೆಯಾ ಸಾರ್? ಬರೀ ಕಮ್ಮೀನೇ ಆಗುತ್ತಲ್ಲ, ಅದೂ ಮಕ್ಕಳ ತಟ್ಟೇಲಿ! ಒಂದು ಮಗುವಿಗೆ ಇಷ್ಟು ಬೇಳೆ, ಇಷ್ಟು ತರಕಾರಿ ಅಂತ ಸರ್ಕಾರ ಅಂದಾಜಿಗೆ ಬರೆದಿಲ್ಲ. ಬೆಳೆಯೋ ಮೈಗೆ ಅಷ್ಟು ಬೇಕೇ ಬೇಕು. ಮಕ್ಕಳ ಪಾತ್ರೆಯಿಂದಲೇ ಬಡಿಸ್ಕೊಂಡು, ಅವರಿಗಿಂತ ಮೊದಲು ರುಚಿ ನೋಡಬೇಕು ಅಂತ ನಿಮ್ಮ ನಿಯಮದಲ್ಲೇ ಇದೆಯಲ್ಲ. ಅದೊಂದನ್ನ ಪಾಲಿಸಿದ್ರೆ ಈ ಹುಡುಗಿ ಬೀಳ್ತಿರಲಿಲ್ಲ."

ಟೈಲರಮ್ಮ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ. "ಬೇರೆ ಯಾರಾದ್ರೂ ಹೇಳಿದ್ರೆ ನಾನೇ ಹೋಗಿ ನೋಡಿ ಬರ್ತಿದ್ದೆ ಕಣೋ" ಅಂದಳು. "ನೀನು ಹೇಳಿದೆ ಅಂತ ನೋಡಲಿಲ್ಲ." ಅವನು ಅಕ್ಕ ಕೊಟ್ಟಿದ್ದ ಟೀ ಲೋಟ ಹಾಗೇ ಕೆಳಗಿಟ್ಟು ಎದ್ದ.

ಮರುದಿನ ಮಧ್ಯಾಹ್ನ ಟೈಲರಮ್ಮ ಶಾಲೆಗೆ ಹೊರಟಳು. ನಾನು ಬಿಟ್ಟೇನೇ? ಇಸ್ತ್ರಿಪೆಟ್ಟಿಗೆ ಆರಿಸಿ ನಾನೂ ಹಿಂದೆಯೇ ಹೋದೆ. ಸಾಹೇಬ ನಮಗಿಂತ ಮೊದಲೇ ಅಡುಗೆಮನೆಯ ಬಾಗಿಲಲ್ಲಿದ್ದ. ಅಡುಗೆಯಮ್ಮ ಎಂದಿನಂತೆ ಚಿಕ್ಕ ಪಾತ್ರೆ ಸೆರಗಿನಲ್ಲಿ ಹಿಡಿದು ತಂದಳು.

"ಇದು ಬೇಡ. ದೊಡ್ಡದರಿಂದ ಬಡಿಸಿ" ಅಂದ.

ಅವಳು ಕಕ್ಕಾಬಿಕ್ಕಿಯಾದಳು. "ಸಾಹೇಬ್ರೆ, ನೀವು ಮೊದಲ ಸಲ ಬಂದಾಗ ಹೊಟ್ಟೆ ಸರಿಯಿಲ್ಲ, ಖಾರ ಬೇಡ ಅಂದ್ರಿ. ಪಾಪ ಅಂತ ಬೇರೆ ಬೇಯಿಸಿದೆ. ಆಮೇಲೆ ಅದೇ ರೂಢಿ ಆಯ್ತು. ತರಕಾರಿ ಬೇಳೆ ಬರೋದೇ ಅರ್ಧ. ಅಷ್ಟು ದೊಡ್ಡ ಪಾತ್ರೆಗೆ ಹಾಕಿದ್ರೆ ಕಾಣೋದೇ ಇಲ್ಲ. ನಿಮಗಾದ್ರೂ ಚೆನ್ನಾಗಿರ್ಲಿ ಅಂತ..."

"ಅರ್ಧ ಬರ್ತಿದೆ ಅಂತ ನನಗೆ ಯಾಕೆ ಹೇಳಲಿಲ್ಲ?"

"ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ" ಅಂದಳು ಅವಳು, ಸುಮ್ಮನೆ ಇದ್ದದ್ದು ಇದ್ದ ಹಾಗೆ. "ನೋಡೋಕೆ ಅಂತಾನೇ ಅಲ್ವಾ ನೀವು ಬರೋದು?"

ಅವನ ಮುಖ ಕಿವಿಯವರೆಗೂ ಕೆಂಪೇರಿತು. ತಟ್ಟೆ ಹಿಡಿದು ವರಾಂಡದಲ್ಲಿ ಮಕ್ಕಳ ಸಾಲಿನಲ್ಲಿ ಕೂತ. ಸೌಟಿನಿಂದ ಅನ್ನದ ಮೇಲೆ ಬಿದ್ದದ್ದು ಅರಿಸಿನ ಬಣ್ಣದ ನೀರು. ಮೊದಲ ತುತ್ತೇ ಗಂಟಲಲ್ಲಿ ನಿಂತಿತು. ಪಕ್ಕದಲ್ಲಿ ಕೂತಿದ್ದ ಹಲ್ಲುಬಿದ್ದ ಹುಡುಗಿಯೊಬ್ಬಳು ಅವನನ್ನು ನೋಡಿ ಮರುಗಿದಳು. "ಸೇರಲ್ವಾ ಸಾರ್? ನೀರು ಕುಡೀರಿ, ಇಳಿಯುತ್ತೆ. ನಾವು ಹಾಗೇ ಮಾಡೋದು" ಅಂತ ತನ್ನ ಲೋಟವನ್ನೇ ಮುಂದಿಟ್ಟಳು.

ಅವನು ಆ ನೀರು ಕುಡಿದ. ತಲೆ ಎತ್ತದೆ ಇಡೀ ತಟ್ಟೆ ಖಾಲಿ ಮಾಡಿದ.

ಆ ವಾರವೇ ಪೋಷಕರ ಸಭೆ ಕರೆಸಿದ. ಶರ್ಟು ಇಸ್ತ್ರಿಗೂ ಕೊಟ್ಟಿರಲಿಲ್ಲ. "ಅವತ್ತು ಚೆನ್ನಾಗಿದೆ ಅಂತ ಹೇಳಿದ್ದು ನಾನೇ. ನಾನು ತಿಂದದ್ದು ನಿಮ್ಮ ಮಕ್ಕಳ ಊಟ ಅಲ್ಲ. ನಿಮ್ಮ ಮುಂದೆ ನಿಲ್ಲೋಕೆ ನನಗೆ ನಾಚಿಕೆ ಆಗ್ತಿದೆ" ಅಂದ. ಒಬ್ಬ ತಾಯಿ ಕೇಳಿಯೇಬಿಟ್ಟಳು: "ನಿಮ್ಮ ಅಕ್ಕನ ಮಗಳು ಬೀಳದೇ ಇದ್ದಿದ್ರೆ?" ಅವನು ಅವಳಿಗೆ ಕೈಮುಗಿದ.

ತನ್ನ ತಪ್ಪನ್ನೇ ಮೊದಲು ಹೇಳಿ ಮೇಲಿನವರಿಗೆ ದೂರು ಕೊಟ್ಟ. ಅರ್ಧವೇ ಕಳಿಸುತ್ತಿದ್ದ ಸಾಮಾನು ಪೂರೈಸುವವನನ್ನು ಅವರು ಕರೆಸಿ ತರಾಟೆಗೆ ತೆಗೆದುಕೊಂಡರು. ಈಗ ಬೇಳೆ ತರಕಾರಿ ಪೂರ್ತಿ ಬರುತ್ತದೆ, ತೂಗುವಾಗ ತಾಯಂದಿರು ಸರದಿಯ ಮೇಲೆ ನಿಲ್ಲುತ್ತಾರೆ. ಚಿಕ್ಕ ಪಾತ್ರೆಯಲ್ಲಿ ಅಡುಗೆಯಮ್ಮ ಬೇಳೆ ಅಳೆಯುತ್ತಾಳೆ. ಗಿಣಿಗೆ ನಿಧಾನವಾಗಿ ಬಣ್ಣ ಬರುತ್ತಿದೆ, ಜೊತೆಗೆ ಬಾಯಿಯೂ. ಅವಳ ಮಾವ ಮಾತ್ರ ಅಕ್ಕನ ಮನೆಗೆ ಬಂದರೆ ಇನ್ನೂ ಹೊಸ್ತಿಲಲ್ಲೇ ಕೂರುತ್ತಾನೆ. ಒಳಗೆ ಬಾ ಅಂತ ಕರೆಯಬೇಕು.

ಅಪ್ಪಂದಿರೇ, ಅಮ್ಮಂದಿರೇ, ಶಾಲೆಯ ಊಟ ಯಾರೋ ಕೊಡುವ ಭಿಕ್ಷೆಯಲ್ಲ, ನಿಮ್ಮ ಮಗುವಿನ ಹಕ್ಕು. ಎಷ್ಟು ಕೊಡಬೇಕು ಅಂತ ನಿಯಮವಿದೆ, ಅದನ್ನು ಕೇಳಿ ತಿಳಿದುಕೊಳ್ಳಿ. ಊಟದ ಹೊತ್ತಿಗೆ ಹೋಗಿ, ದೊಡ್ಡ ಪಾತ್ರೆಯ ತಳಕ್ಕೆ ಸೌಟು ಹಾಕಿಸಿ, ಬಾಯಿಗಿಟ್ಟು ನೋಡಿ. ಸಾಹೇಬರೇ, ನೀವೂ ಅದೇ ಪಾತ್ರೆಯಿಂದ ತಿನ್ನಿ. ಮತ್ತೆ, ನಿಮ್ಮ ಮಗು ಊಟ ಸೇರುವುದಿಲ್ಲ ಅಂದರೆ ಅದರ ನಾಲಿಗೆಯ ಮೇಲೆ ಅನುಮಾನಪಡಬೇಡಿ. ಹೋಗಿ ಪಾತ್ರೆ ನೋಡಿ.