ಸಂಜೆ ಸದ್ದಡಗುವ ಬೀದಿ

ಸಂಜೆಯಾಗುತ್ತಲೇ ಬಲ್ಬು ಹಳದಿಗೆ ತಿರುಗುವುದು, ಫ್ಯಾನಿನ ರೆಕ್ಕೆಗಳನ್ನು ಎಣಿಸಬಹುದಾದಷ್ಟು ನಿಧಾನವಾಗುವುದು ನಿಮಗೂ ಗೊತ್ತಿರುವ ವಿಷಯವೇ. ಈ ಕಥೆ ನಡೆದ ಬೀದಿಯಲ್ಲೂ ಹಾಗೇ ಇತ್ತು. ಆದರೆ ಅಲ್ಲಿ ಇನ್ನೊಂದು ಅಭ್ಯಾಸವೂ ಬೆಳೆದಿತ್ತು. ಬೆಳಕು ಮಂಕಾಗುವ ಮೊದಲೇ ಒಂದೊಂದು ಮನೆಯಲ್ಲೂ ಸ್ವಿಚ್ಚುಗಳು ಆರುತ್ತಿದ್ದವು. ಇಸ್ತ್ರಿ ಅಂಗಡಿಯವನು ಪ್ಲಗ್ಗು ಕಿತ್ತು ಬಾಗಿಲಲ್ಲಿ ಬಂದು ಕೂರುತ್ತಿದ್ದ. ಎದುರುಮನೆಯ ಫ್ರಿಜ್ಜು ಗುರುಗುಟ್ಟುವುದನ್ನು ನಿಲ್ಲಿಸುತ್ತಿತ್ತು. ಮಿಕ್ಸಿಗಳು, ನೀರಿನ ಮೋಟರುಗಳು ಎಲ್ಲ ಸುಮ್ಮನಾಗುತ್ತಿದ್ದವು.

ಇದಕ್ಕೆ ಕಾರಣ ಬೀದಿಯ ಕೊನೆಯ ಮನೆ. ಅಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ತನ್ನ ಮಾವನ ಜೊತೆ ಇದ್ದಳು. ಗಂಡ ಲಾರಿ ಓಡಿಸುತ್ತಿದ್ದ, ಮನೆಯಲ್ಲಿರುತ್ತಿದ್ದದ್ದೇ ಕಡಿಮೆ. ಮಾವ ಆಯುಷ್ಯವೆಲ್ಲ ಕಲ್ಲು ಕಡಿದವರು. ಕಲ್ಲಿನ ಧೂಳು ಎದೆಯೊಳಗೆ ಮನೆ ಮಾಡಿ, ಈಗ ಉಸಿರಿಗೆ ಆಕ್ಸಿಜನ್ ಮಷೀನು ಬೇಕಿತ್ತು. ಒಂದು ಸಂಜೆ ವೋಲ್ಟೇಜ್ ಇಳಿದು ಆ ಮಷೀನು ನಿಂತುಹೋಯಿತು. ಸೊಸೆ ಬೀದಿಗೆ ಓಡಿಬಂದು ಕೂಗಿದಳು. ಅಕ್ಕಪಕ್ಕದವರು ತಮ್ಮ ಸ್ವಿಚ್ಚುಗಳನ್ನು ಆರಿಸಿದ ಮೇಲೆ ಅದು ಮತ್ತೆ ಓಡಿತು. ಇದಕ್ಕಾಗಿ ಯಾರೂ ಸಭೆ ಸೇರಲಿಲ್ಲ, ಯಾರೂ ಯಾರಿಗೂ ಹೇಳಲಿಲ್ಲ. ಅವತ್ತಿನಿಂದ ಪ್ರತಿ ಸಂಜೆ ಒಬ್ಬರು ಆರಿಸಿದ್ದನ್ನು ನೋಡಿ ಇನ್ನೊಬ್ಬರು ಆರಿಸಿದರು. ಮಾವನಿಗೂ ಯಾರೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಅವಳ ಮನೆಗೆ ಶಾಲೆಯ ಕಾಲದ ಗೆಳತಿ ಬಂದಳು. ಆ ಗೆಳತಿ ವಿದ್ಯುತ್ ಕಚೇರಿಯ ಯೋಜನಾ ವಿಭಾಗದಲ್ಲಿ ಎಂಜಿನಿಯರು.

"ಅಂಗಿ ರೆಡಿ ಇದೆ ಕಣೇ. ಆದ್ರೆ ನಿನ್ನ ಮುಖ ನೋಡಿದ್ರೆ ಅಂಗಿಗೆ ಬಂದ ಹಾಗಿಲ್ಲ," ಎಂದಳು ದರ್ಜಿ.

"ನಿಮ್ಮ ಬೀದಿ ವಿಷ್ಯಕ್ಕೆ ಬಂದೆ." ಎಂಜಿನಿಯರು ಬಟ್ಟೆಯ ತುಂಡುಗಳನ್ನು ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ತೆರೆದಳು. "ಮುಂದಿನ ಇಪ್ಪತ್ತು ವರ್ಷಕ್ಕೆ ಊರಿಗೆ ಎಷ್ಟು ಕರೆಂಟ್ ಬೇಕು, ಅದನ್ನ ಬಿಸಿಲಿಂದ ತರೋದಾ, ಗಾಳಿಯಿಂದ ತರೋದಾ, ಹೊಸ ಟ್ರಾನ್ಸ್‌ಫಾರ್ಮರ್ ಯಾವ ಬೀದಿಗೆ ಮೊದಲು ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕ್ತಾ ಇದೀವಿ."

"ಇಪ್ಪತ್ತು ವರ್ಷದ್ದು ಇರ್ಲಿ ತಾಯಿ, ಇವತ್ತು ಸಂಜೆದು ಹೇಳು."

"ನಿಮ್ಮ ಬೀದಿ ಕೊನೇ ಹಂತದಲ್ಲಿದೆ. ಹದಿನೈದು ವರ್ಷ ಆದ್ಮೇಲೆ."

ಕತ್ತರಿ ನಿಂತಿತು. ಮಾವನಿಗೆ ಇನ್ನೂ ದೊಡ್ಡ ಮಷೀನು ಬೇಕಾಗುತ್ತದೆ ಎಂದು ಡಾಕ್ಟರು ಹೋದ ತಿಂಗಳೇ ಹೇಳಿದ್ದರು. ಈ ಕರೆಂಟಿಗೆ ಅದು ಓಡುವುದಿಲ್ಲ. ಓಡದಿದ್ದರೆ ಮಾವ ಈ ಮನೆ ಬಿಟ್ಟು ದೂರದ ಊರಿನ ಮಗಳ ಮನೆಗೆ ಹೋಗಿ ಇರಬೇಕು. ಆ ಮಾತೆತ್ತಿದರೆ ಅವರು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

"ನಿಮ್ಮ ಕಂಪ್ಯೂಟರ್‌ಗೆ ನಮ್ಮ ಮೇಲೆ ಏನು ಹಗೆ?"

"ಹಗೆ ಇಲ್ಲ. ಅದು ಯಾಕೆ ಹಾಗೆ ಹೇಳ್ತು ಅಂತ ನಾವೇ ಒಳಗೆ ನೋಡಬಹುದು. ಹಿಂದಿನ ಯೋಜನೆ ಹೊರಗಿನ ಕಂಪನಿ ಮಾಡಿತ್ತು. ನಮಗೆ ಸಿಕ್ಕಿದ್ದು ಉತ್ತರ ಮಾತ್ರ. ಉತ್ತರ ಹೇಗೆ ಬಂತು ಅಂತ ಕೇಳಿದ್ರೆ ಅದು ನಮ್ಮ ಗುಟ್ಟು ಅಂದ್ರು. ಈಗ ಬಳಸ್ತಿರೋ ಪ್ರೋಗ್ರಾಂ ಮುಕ್ತ ಸಾಧನ. ಯಾರು ಬೇಕಾದ್ರೂ ಪುಕ್ಕಟೆ ಇಳಿಸ್ಕೊಂಡು, ಯಾವ ಊಹೆ ಇಟ್ಕೊಂಡಿದೀವಿ ಅಂತ ನೋಡಬಹುದು. ತಪ್ಪು ಕಂಡ್ರೆ ತಿದ್ದಿ ಮತ್ತೆ ಲೆಕ್ಕ ಹಾಕಿಸಬಹುದು."

"ಊಹೆ ಮೇಲೆ ಲೆಕ್ಕಾನಾ? ಚೆನ್ನಾಗಿದೆ."

"ನಾಳೆದು ಅಂದ್ಮೇಲೆ ಊಹೆನೇ ತಾನೆ. ಬೆಳೆಯೋ ಮಗುಗೆ ನೀನು ಒಳಗೆ ಬಟ್ಟೆ ಬಿಟ್ಟು ಹೊಲಿಯಲ್ವಾ? ಎಷ್ಟು ಬಿಟ್ಟಿದೀಯ ಅಂತ ಅವರಮ್ಮ ಅಂಗಿ ತಿರುಗಿಸಿ ನೋಡಬಹುದು. ಮುಚ್ಚಿದ ಲೆಕ್ಕವನ್ನ ತಿರುಗಿಸಿ ನೋಡೋ ಹಾಗಿಲ್ಲ. ಅಷ್ಟೇ ವ್ಯತ್ಯಾಸ."

ಲ್ಯಾಪ್‌ಟಾಪಿನ ಪರದೆಯ ಮೇಲೆ ಕರೆಂಟು ಬಳಕೆಯ ಎರಡು ಗೆರೆಗಳಿದ್ದವು. ಒಂದು ಇಡೀ ಊರಿನದು. ಸಂಜೆಯ ಹೊತ್ತಿಗೆ ಗುಡ್ಡದ ಹಾಗೆ ಏರುತ್ತಿತ್ತು. ಇನ್ನೊಂದು ಈ ಬೀದಿಯದು. ಸರಿಯಾಗಿ ಅದೇ ಹೊತ್ತಿಗೆ ಅದು ಹಳ್ಳಕ್ಕೆ ಇಳಿಯುತ್ತಿತ್ತು.

"ಊರಿಗೆಲ್ಲ ಸಂಜೆ ಕರೆಂಟ್ ಬೇಕು, ನಿಮಗೆ ಬೇಡ ಅಂತ ಮೀಟರ್ ಹೇಳತ್ತೆ. ಬೇಡದವರಿಗೆ ಅವಸರ ಏನು ಅಂತ ನಿಮ್ಮನ್ನ ಕೊನೆಗೆ ಹಾಕಿದೆ. ನನಗೆ ಅರ್ಥ ಆಗಲಿಲ್ಲ. ಅದಕ್ಕೇ ಕೇಳೋಣ ಅಂತ ಬಂದೆ."

ದರ್ಜಿ ಆ ಹಳ್ಳವನ್ನೇ ನೋಡುತ್ತ ಕುಳಿತಳು. ಒಳಕೋಣೆಯಲ್ಲಿ ಮಷೀನು ಉಸಿರಾಡುತ್ತಿತ್ತು. ಆ ಹಳ್ಳ ಏನೆಂದು ಅವಳಿಗೆ ಗೊತ್ತಿತ್ತು. ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಮೆಲ್ಲಗೆ ಮಾತಾಡು," ಎಂದು ದನಿ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಆಮೇಲೆ ಅಂದಳು, "ಅಳತೆ ತಗೊಳ್ಳೋವಾಗ ಕೆಲವರು ಹೊಟ್ಟೆ ಒಳಗೆ ಎಳ್ಕೊಂಡು ನಿಲ್ತಾರೆ. ಆ ಅಳತೆಗೆ ಹೊಲಿದ್ರೆ ಗುಂಡಿ ಹಾಕೋಕಾಗಲ್ಲ. ನೀವು ನಮ್ಮ ಬೀದಿದು ತಗೊಂಡಿರೋದು ಅಂಥ ಅಳತೆ."

"ಇದನ್ನೇ ಕಚೇರಿಗೆ ಬಂದು ಹೇಳು. ಆಕ್ಷೇಪಣೆಗೆ ಈ ವಾರ ಪೂರ್ತಿ ಸಮಯ ಇದೆ."

"ಬೇಡ. ಹೇಳಿದ್ರೆ ಮಾವನಿಗೆ ಗೊತ್ತಾಗತ್ತೆ. ತನ್ನಿಂದ ಬೀದಿಗೆಲ್ಲ ತೊಂದರೆ ಅಂತ ಕೊರಗಿ ಕೊರಗಿ ಊಟ ಬಿಡ್ತಾರೆ. ಅಲ್ದೆ, ನಾವು ಹೇಳಿದ್ದನ್ನ ಕಚೇರಿಯವರು ಕೇಳೇ ಕೇಳ್ತಾರೆ ಅನ್ನೋ ನಂಬಿಕೆ ಏನು?"

"ಕೇಳೇ ಕೇಳ್ತಾರೆ ಅಂತ ನಾನೂ ಹೇಳಲ್ಲ. ಆದ್ರೆ ಲೆಕ್ಕ ಎಲ್ಲರ ಮುಂದಿದೆ. ಕೇಳದಿದ್ರೆ ಯಾಕೆ ಕೇಳಲಿಲ್ಲ ಅಂತ ಅವರು ಉತ್ತರ ಕೊಡ್ಬೇಕು."

ಒಳಬಾಗಿಲ ಪರದೆ ಸರಿಯಿತು. ಮೂಗಿನ ನಳಿಕೆಯನ್ನು ಒಂದು ಕೈಯಲ್ಲಿ ಹಿಡಿದು ಮಾವ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಪ್ರೀತಿಯಿಂದ ಕಟ್ಟಿದ ಮೌನ ಒಡೆಯುವಾಗ ಮನೆಯಲ್ಲಿ ಯಾರಿಗೂ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ.

"ಆ ಇಸ್ತ್ರಿಯವನಿಗೆ ದಿನಾ ಕಿಟಕಿಯಿಂದ ಬೈತಿದ್ದೆನಲ್ಲಮ್ಮ," ಎಂದರು ಮಾವ ಕೊನೆಗೆ. "ಸಂಜೆ ಆದ್ರೆ ಕೈಕಟ್ಟಿ ಕೂರ್ತೀಯಲ್ಲೋ ಸೋಮಾರಿ ಅಂತ. ನಗ್ತಿದ್ದ ಅವನು."

"ಹೌದು ಮಾವ."

"ನೀನೂ ಸುಮ್ಮನಿದ್ದೆ."

ಅವಳು ಕುರ್ಚಿಯೊಂದನ್ನು ಅವರ ಕಡೆ ಎಳೆದಳು. ಮಾವ ಗೋಡೆ ಹಿಡಿದು ಕುರ್ಚಿಗೆ ಬಂದು ಕುಳಿತರು. ಉಸಿರು ಹದಕ್ಕೆ ಬರುವವರೆಗೂ ಕಾದು ಎಂಜಿನಿಯರನ್ನು ಕೇಳಿದರು: "ಸರಿಯಾದ ಅಳತೆ ತಗೊಳ್ಳೋದು ಹೇಗಮ್ಮ?"

"ಒಂದು ಸಂಜೆ ಎಲ್ಲರೂ ತಮಗೆ ಬೇಕಾದ್ದನ್ನ ಹಾಕಿ ನೋಡ್ಬೇಕು. ಆದ್ರೆ ನಿಮ್ಮ ಮಷೀನು..."

"ನಾಳಿದ್ದು ಡಾಕ್ಟರು ಬಾ ಅಂದಿದಾರೆ. ರಾತ್ರಿವರೆಗೂ ಆಸ್ಪತ್ರೆಯಲ್ಲೇ ಇದ್ದು ಬರ್ತೀನಿ. ನೀವು ಅಳೀರಿ."

ಮಾವ ಆಸ್ಪತ್ರೆಗೆ ಹೋದ ಸಂಜೆ ಲೈನ್‌ಮನ್ ಅಳೆಯುವ ಉಪಕರಣ ಹಿಡಿದು ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತ. ಒಟ್ಟಿಗೇ ಹಾಕಿದರೆ ಸುಟ್ಟುಹೋದೀತು, ಒಂದೊಂದೇ ಮನೆ ಹಾಕಿ ಎಂದು ಎಂಜಿನಿಯರು ಮೊದಲೇ ಎಲ್ಲರಿಗೂ ತಿಳಿಸಿದ್ದಳು. ಮೊದಲು ಎದುರುಮನೆಯ ಫ್ರಿಜ್ಜು. ಆಮೇಲೆ ಯಾರದೋ ಮೋಟರು. ದರ್ಜಿ ತನ್ನ ವಿದ್ಯುತ್ ಹೊಲಿಗೆ ಯಂತ್ರದ ಮುಸುಕು ತೆಗೆದಳು. ಮರೆತೇಹೋಗಿದ್ದ ಸದ್ದುಗಳು ಒಂದೊಂದಾಗಿ ಬೀದಿಗೆ ಬಂದವು.

"ಈ ಹೊತ್ತಲ್ಲಿ ನನ್ನ ಅಂಗಡಿ ತೆಗೆದಿದ್ರೆ ಗಿರಾಕಿಗಳು ಹೆದರ್ಕೋತಾರೆ," ಎಂದ ಇಸ್ತ್ರಿಯವನು, ಪೆಟ್ಟಿಗೆಯ ಬಿಸಿಯನ್ನು ಬೆರಳಿನಿಂದ ನೋಡುತ್ತ.

ಅರ್ಧ ಬೀದಿಯೂ ಮುಗಿದಿರಲಿಲ್ಲ. ಲೈನ್‌ಮನ್ ಕೈ ಎತ್ತಿದ. "ಸಾಕು. ಇನ್ನೊಂದು ಮನೆ ಹಾಕಿದ್ರೆ ಫ್ಯೂಸ್ ಹೋಗತ್ತೆ."

ಉಳಿದವರಿಗೆ ಎಷ್ಟು ಕರೆಂಟು ಬೇಕೆಂದು ಎಂಜಿನಿಯರು ಬಾಗಿಲ ಬಾಗಿಲಿಗೆ ಹೋಗಿ ಕೇಳಿದಳು. ಆಮೇಲೆ ಹೊಲಿಗೆಯ ಮೇಜಿನ ಸುತ್ತ ಎಲ್ಲರೂ ನಿಂತಿರುವಾಗ, ಲ್ಯಾಪ್‌ಟಾಪಿನಲ್ಲಿ ಹಳೆಯ ಊಹೆ ತೆಗೆದು ಹೊಸ ಅಳತೆ ಹಾಕಿದಳು. ಬೇರೇನನ್ನೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಉತ್ತರ ಬಂತು. ಬೀದಿ ಕೊನೆಯ ಹಂತದಿಂದ ಮೊದಲ ಹಂತಕ್ಕೆ ಬಂದಿತ್ತು.

"ನಾವು ಮುಂದೆ ಬಂದ್ರೆ ಇನ್ನೊಂದು ಬೀದಿ ಹಿಂದೆ ಹೋಗಲ್ವಾ?" ಇಸ್ತ್ರಿಯವನು ಕೇಳಿದ.

"ಹೋಗಬಹುದು. ಅವರೂ ಇದನ್ನ ನೋಡ್ತಾರೆ, ಅವರೂ ಪ್ರಶ್ನೆ ಕೇಳ್ತಾರೆ. ಕೇಳಲಿ ಅಂತಾನೇ ತೆರೆದಿಟ್ಟಿರೋದು. ಈ ಸಾಧನ ಕಣಿ ಹೇಳಲ್ಲ ಅಣ್ಣ. ಹೀಗಿದ್ರೆ ಹೀಗಾಗತ್ತೆ ಅಂತ ಹೇಳತ್ತೆ. ಹೇಗಿದೆ ಅಂತ ಹೇಳ್ಬೇಕಾದವರು ನಾವು."

ಮಾರನೆಯ ದಿನ ಮಾವ ಆಸ್ಪತ್ರೆಯಿಂದ ಎರವಲು ತಂದಿದ್ದ ಸಣ್ಣ ಆಕ್ಸಿಜನ್ ಸಿಲಿಂಡರು ಹಿಡಿದು ನಿಧಾನಕ್ಕೆ ನಡೆದು ಇಸ್ತ್ರಿ ಅಂಗಡಿಗೆ ಹೋದರು. ಬಹಳ ಹೊತ್ತು ಬೆಂಚಿನ ಮೇಲೆ ಕೂತಿದ್ದರೂ ಅಂದುಕೊಂಡು ಹೋಗಿದ್ದ ಮಾತು ಬಾಯಿಗೆ ಬರಲಿಲ್ಲ.

"ಹೊಸ ಟ್ರಾನ್ಸ್‌ಫಾರ್ಮರ್ ಬರೋವರೆಗೆ ಬೈತಾ ಇರಿ ಯಜಮಾನ್ರೇ," ಎಂದ ಅವನು, ಅಂಗಿಯ ಕಾಲರು ತಿರುವುತ್ತ. "ಇಲ್ದಿದ್ರೆ ಸಂಜೆ ನನಗೆ ಹೊತ್ತು ಹೋಗಲ್ಲ."

ವಾರದ ಕೊನೆಯಲ್ಲಿ ಕಚೇರಿಯ ಸಭೆ ನಡೆಯಿತು. ದರ್ಜಿ ಎದ್ದು ನಿಂತು ಸಂಜೆ ಬೀದಿಯ ಸದ್ದಡಗುವ ಕಾರಣ ಹೇಳಿದಳು. ಅಧಿಕಾರಿ ಹಳೆಯ ಅಂಕಿ ಹೊಸ ಅಂಕಿ ಎರಡನ್ನೂ ಗೋಡೆಯ ಮೇಲೆ ತೋರಿಸಿದರು. ಇನ್ನೊಂದು ಬೀದಿಯವರು ಪ್ರಶ್ನೆ ಕೇಳಿದರು, ಉತ್ತರವೂ ಸಿಕ್ಕಿತು. ತಿದ್ದಿದ ಲೆಕ್ಕವೇ ಯೋಜನೆಗೆ ಸೇರಿತು. ದೊಡ್ಡ ಮಷೀನು ಬರುವ ಹೊತ್ತಿಗೆ ಹೊಸ ಟ್ರಾನ್ಸ್‌ಫಾರ್ಮರ್ ನಿಂತಿರುತ್ತದೆ. ಮಾವ ಈ ಮನೆಯಲ್ಲೇ ಇರುತ್ತಾರೆ.

ಓದುತ್ತಿರುವ ನಿಮ್ಮ ಊರಿಗೂ ಎಲ್ಲೋ ಒಂದು ಕಚೇರಿಯಲ್ಲಿ ಮುಂದಿನ ವರ್ಷಗಳ ವಿದ್ಯುತ್ ಲೆಕ್ಕ ನಡೆಯುತ್ತಿರಬಹುದು. ಹೋಗಿ ಕೇಳಿ. ಆ ಲೆಕ್ಕ ತೆರೆದಿದೆಯೇ? ನಮ್ಮ ಬೀದಿಯ ಬಗ್ಗೆ ಅದರಲ್ಲಿ ಏನೆಂದುಕೊಂಡಿದ್ದಾರೆ? ತೆರೆದಿಲ್ಲವಾದರೆ ತೆರೆಯಿರಿ ಎಂದು ಕೇಳುವ ಹಕ್ಕು ನಿಮ್ಮದು. ತೆರೆದಿದ್ದರೆ, ತಿಳಿದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ನೀವು ಬಳಸಿದ ಕರೆಂಟು ಮೀಟರಿಗೆ ಗೊತ್ತು. ಬೇಕಿದ್ದರೂ ಬಳಸದೆ ತಡೆದುಕೊಂಡದ್ದು ನಿಮಗೆ ಮಾತ್ರ ಗೊತ್ತು. ಅದನ್ನು ನೀವೇ ಹೇಳಬೇಕು.