ಕನ್ನಡಿಗೆ ಸ್ನಾನದ ದಿನ

ವೀಕ್ಷಣಾಲಯದ ದೊಡ್ಡ ಕನ್ನಡಿಗೆ ವರ್ಷಕ್ಕೊಮ್ಮೆ ಸ್ನಾನ. ದೂರದರ್ಶಕದ ಹೊಟ್ಟೆಯಿಂದ ಅದನ್ನು ಇಳಿಸಿ, ಎಳೆಮಕ್ಕಳ ಸೋಪಿನ ನೀರಲ್ಲಿ ಹತ್ತಿ ಅದ್ದಿ, ಒತ್ತದೆ, ಹತ್ತಿಯ ಭಾರಕ್ಕೇ ಬಿಟ್ಟು ಎಳೆಯಬೇಕು. ಮೇಲಿನ ಅಲ್ಯೂಮಿನಿಯಂ ಲೇಪ ಕೂದಲಿಗಿಂತ ಎಷ್ಟೋ ತೆಳು. ಆದ್ದರಿಂದ ಮೈಮೇಲೆ ಲೋಹ ಇದ್ದವರಿಗೆ ಒಳಗೆ ಜಾಗವಿಲ್ಲ. ಈ ನಿಯಮ ಮಾಡಿದವಳು, ವರ್ಷಗಳಿಂದ ಈ ಸ್ನಾನ ಮಾಡಿಸುತ್ತ ಬಂದು ಹಾಗೆಂದೇ ಹೆಸರಾದ ಕನ್ನಡಿ ಅಕ್ಕನೇ. ಹಿಂದೊಮ್ಮೆ ಸಾಕ್ಷಾತ್ ನಿರ್ದೇಶಕರ ಬೆಲ್ಟನ್ನೇ ಬಿಚ್ಚಿಸಿದ್ದಳು. ಪಾಪ, ಅವರು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಕನ್ನಡಿ ತೊಳೆದಿದ್ದರು.

ಅಕ್ಕನಿಗೆ ಈ ವರ್ಷ ನಿವೃತ್ತಿ. ಇದೇ ಅವಳ ಕೊನೆಯ ಸರದಿ. ಹೋದ ವರ್ಷದವರೆಗೂ ಸಲೀಸಾಗಿ ಕಳಚುತ್ತಿದ್ದ ಮದುವೆಯ ಉಂಗುರ ಈ ಸಲ ಊದಿದ ಬೆರಳು ಬಿಟ್ಟು ಅಲ್ಲಾಡಲಿಲ್ಲ.

"ಉಂಗುರ, ಅಕ್ಕಾ," ಎಂದ ತೊಳೆಯುವ ತಂಡದ ಮುಖ್ಯಸ್ಥ. ಅವಳ ಕೈಕೆಳಗೇ ಕೆಲಸ ಕಲಿತವನು.

"ಕೈಗವಸು ಹಾಕ್ಕೋತೀನಿ ಬಿಡೋ."

"ಉಂಗುರ ಕೈಗವಸನ್ನ ಹರಿಯುತ್ತೆ. ನೀವೇ ಹೇಳಿಕೊಟ್ಟಿದ್ದು."

"ಅಯ್ಯೋ, ಅಷ್ಟು ಚೆನ್ನಾಗಿ ಯಾಕೆ ಹೇಳಿಕೊಟ್ನೋ."

ಅವನು ದನಿ ತಗ್ಗಿಸಿದ. "ಬಾಗಿಲ ಹತ್ತಿರ ಕೂತು ನೀವು ಹೇಳಿ, ನಾವು ಮಾಡ್ತೀವಿ." ಅಲ್ಲಿ ಆಗಲೇ ಒಂದು ಕುರ್ಚಿ ಇತ್ತು, ಅದರ ಮೇಲೆ ಮೆತ್ತೆ ಕೂಡ. ಮೆತ್ತೆ ನೋಡಿ ಅಕ್ಕನಿಗೆ ಇನ್ನಷ್ಟು ಸಿಟ್ಟು ಬಂತು. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

ಎಣ್ಣೆ ಆಯಿತು, ಸೋಪು ಆಯಿತು, ದಾರ ಸುತ್ತಿ ಎಳೆದದ್ದೂ ಆಯಿತು. ಕೊನೆಗೆ ವರ್ಕ್‌ಶಾಪಿನಿಂದ, ಎಲ್ಲರೂ ಮಾವ ಎಂದು ಕರೆಯುವ ಲೇತ್ ಕೆಲಸದವನು ಸಣ್ಣ ಗರಗಸ ಹಿಡಿದು ಬಂದ.

"ಕತ್ತರಿಸೋದೇ ದಾರಿ," ಎಂದವನು ಅವಳ ಮುಖ ನೋಡಿ, "ಉಂಗುರಾನ," ಎಂದು ಸೇರಿಸಿದ.

ಅಕ್ಕ ಬಾಗಿಲಿನಿಂದ ಕನ್ನಡಿಯತ್ತ ನೋಡಿದಳು. ವರ್ಷದ ಧೂಳು ಕೂತು ಮಂಕಾಗಿತ್ತು. ನಕ್ಷತ್ರದ ಬೆಳಕು ಸಾವಿರಾರು ವರ್ಷ ಒಂದೇ ಸಮನೆ ಓಡಿಬಂದು, ಇನ್ನೇನು ಮನೆ ಸೇರಿತು ಅನ್ನುವಾಗ, ಒಂದು ಧೂಳಿನ ಕಣಕ್ಕೆ ಎಡವಿ ಚೆಲ್ಲಿಹೋಗುತ್ತದೆ. ಅಷ್ಟು ದೂರದ ನೆಂಟರು ಬರುವಾಗ ಕಸ ಗುಡಿಸುವಷ್ಟು ಮರ್ಯಾದೆ ಬೇಡವೇ ಎಂದು ಅವಳು ಹೊಸಬರಿಗೆಲ್ಲ ಗದರುತ್ತಿದ್ದಳು.

ಗಂಡನಿಗೆ ಫೋನು ಮಾಡಿದಳು. "ರೀ, ಉಂಗುರ ಕತ್ತರಿಸಬೇಕಂತೆ."

"ಕತ್ತರಿಸಿಬಿಡೇ. ಅದಿಲ್ಲ ಅಂತ ನಾನು ಬೇರೆಯವಳನ್ನ ಹುಡುಕ್ಕೊಂಡು ಹೋಗ್ತೀನಾ? ಮೆಟ್ಟಿಲು ಇಳಿಯೋಕೇ ಆಗಲ್ಲ." ಫೋನು ಇಡುವ ಮುನ್ನ, "ಬೆರಳು ಜೋಪಾನ. ನನ್ನ ಬೆನ್ನು ಕೆರೆಯೋಕೆ ಬೇಕು," ಎಂದ.

ಮಾವ ಉಂಗುರದಡಿ ತೆಳು ತಗಡು ತೂರಿಸಿ, ಗರಗಸವನ್ನು ಮೆಲ್ಲಗೆ ಒಂದೊಂದೇ ಸಲ ಎಳೆದ. ಅವಳಿಗಿಂತ ಅವನೇ ಹೆಚ್ಚು ಬೆವರಿದ.

ಕನ್ನಡಿಯ ಮೇಲೆ ಅಡ್ಡಹಾಕಿದ ಹಲಗೆಯಲ್ಲಿ ಅಕ್ಕ ಬೋರಲಾಗಿ ಮಲಗಿದಳು. ಮುಖ್ಯಸ್ಥ ಅವಳ ಕಾಲು ಗಟ್ಟಿಯಾಗಿ ಹಿಡಿದುಕೊಂಡ. ಹತ್ತಿ ಸರಿದಂತೆ ಮಂಕು ಹೋಗಿ ಬೆಳ್ಳಿಯಂಥ ಹೊಳಪು ಬಂತು. ಆಕಾಶದ ಮಹಾಮಹಿಮರನ್ನು ತೋರಿಸಬೇಕಾದ ಆ ಹೊಳಪಿನಲ್ಲಿ ಮೊದಲು ಕಂಡದ್ದು ಅಕ್ಕನ ಮೂಗಿನ ಹೊಳ್ಳೆಗಳು, ಗುಹೆಗಳ ಗಾತ್ರದಲ್ಲಿ.

"ನಕ್ಷತ್ರಗಳಿಗೂ ಹಿಂಗೇ ಅವಮಾನ ಮಾಡುತ್ತಾ ಇದು?" ಎಂದಳು.

ಅಂಚಿನಲ್ಲಿದ್ದವರು ಬೇಗ ಮುಗಿಸಿ ನಡುವಿನತ್ತ ಕೈ ಚಾಚಿದರು. "ಅದು ಅಕ್ಕನಿಗೆ ಬಿಡ್ರೋ," ಎಂದ ಮುಖ್ಯಸ್ಥ.

ಅವಳು ಎಷ್ಟು ನಿಧಾನ ಮಾಡಬಹುದೋ ಅಷ್ಟು ನಿಧಾನ ಮಾಡಿದಳು. ಯಾರೂ ಅವಸರಪಡಿಸಲಿಲ್ಲ.

"ಕೈ ನೋಯ್ತಿದ್ಯಾ, ಅಕ್ಕಾ?" ಎಂದ ಮುಖ್ಯಸ್ಥ.

"ಇಲ್ಲ ಕಣೋ. ಮಾತಾಡಬೇಡ, ಎಂಜಲು ಬೀಳುತ್ತೆ."